ಕೋವಿನ್: ದಾಖಲೆಗೆ ಗಟ್ಟಿ, ಒಪ್ಪಿಗೆಗೆ ಜಾಗವಿಲ್ಲ

ಕೋವಿನ್ ಎಂದರೆ ಕೋವಿಡ್ ಲಸಿಕೆಯ ನೋಂದಣಿಗೂ ಪ್ರಮಾಣಪತ್ರಕ್ಕೂ ಕೇಂದ್ರ ಸರ್ಕಾರ ಮಾಡಿದ ಪೋರ್ಟಲ್. ಲಸಿಕೆಯ ಲೆಕ್ಕ ಇಡುವ ಕೆಲಸವನ್ನಷ್ಟೇ ನೋಡಿದರೆ ಅದು ಮೆಚ್ಚುವಂಥ ಸೇವೆ. ನೋಂದಣಿಯ ಮೊಬೈಲ್ ನಂಬರ್, ಓಟಿಪಿ, ಅಷ್ಟರಲ್ಲೇ ಪ್ರಮಾಣಪತ್ರ ಕೈಗೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಲಸಿಕೆ ಅಭಿಯಾನ ಶುರುವಾದದ್ದು 2021ರ ಜನವರಿ 16ಕ್ಕೆ. ಪೋರ್ಟಲ್‌ನಲ್ಲಿ ಕನ್ನಡ ಕಾಣಿಸಿದ್ದು ಜೂನ್‌ನಲ್ಲಿ. ಇದು ಸಣ್ಣ ಲೋಪವಲ್ಲ.

ಎಡವಟ್ಟು ಹೆಚ್ಚಾಗಿ ಎರಡನೇ ಡೋಸ್‌ನಲ್ಲಿ. ಬೇರೆ ನಂಬರ್ ಅಥವಾ ಬೇರೆ ಗುರುತಿನ ಚೀಟಿ ಕೊಟ್ಟರೆ ವ್ಯವಸ್ಥೆ ಹೊಸಬರೆಂದೇ ತಿಳಿದು ಇನ್ನೊಂದು ‘ಮೊದಲ ಡೋಸ್’ ಪತ್ರ ಕೊಡುತ್ತಿತ್ತು. ಪೋರ್ಟಲ್‌ನಲ್ಲಿ ದೂರು ಹೇಳುವ ‘ರೈಸ್ ಆ್ಯನ್ ಇಶ್ಯೂ’ ವಿಭಾಗದ ಒಳಗೆ ಹೋಗಿ ಎರಡನ್ನೂ ಜೋಡಿಸಬೇಕು. ಚುಚ್ಚಿಸಿಕೊಳ್ಳದವರ ಹೆಸರಲ್ಲಿ ‘ಲಸಿಕೆ ಆಗಿದೆ’ ಎಂದು ನಮೂದಾದರೆ ಅದನ್ನು ರದ್ದುಮಾಡಿಸುವ ದಾರಿಯೂ ಅಲ್ಲೇ. ಈ ರದ್ದತಿಯ ದಾರಿ ತೆರೆದದ್ದು 2022ರ ಜನವರಿಯಲ್ಲಿ, ಒಂದು ವರ್ಷ ತಡವಾಗಿ.

ತಡವಾದದ್ದು ಯಾಕೆ ಮುಖ್ಯವೆಂದರೆ, ಅಷ್ಟರಲ್ಲಿ ಈ ಹಾಳೆ ಗೇಟ್ ಪಾಸ್ ಆಗಿತ್ತು. 2021ರ ಡಿಸೆಂಬರ್‌ನಲ್ಲಿ ಕರ್ನಾಟಕ ಮಾಲ್‌ಗೂ ಚಿತ್ರಮಂದಿರಕ್ಕೂ ಎರಡು ಡೋಸ್ ಕಡ್ಡಾಯ ಮಾಡಿತು. ಲಸಿಕೆ ಐಚ್ಛಿಕ ಎಂದು ಕೇಂದ್ರ ಸುಪ್ರೀಂ ಕೋರ್ಟ್‌ಗೆ ಹೇಳುತ್ತಿದ್ದ ಕಾಲವದು.

2022ರ ಮೇ 2ರಂದು, ಲಸಿಕೆ ಕಡ್ಡಾಯವನ್ನು ಪ್ರಶ್ನಿಸಿದ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಕೋರ್ಟ್ ಸ್ಪಷ್ಟಪಡಿಸಿತು: ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಡಿ ನಮ್ಮ ದೇಹದ ಮೇಲಿನ ಹಕ್ಕು ನಮ್ಮದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಈ ತೀರ್ಪನ್ನು ತಪ್ಪಾಗಿ ಓದುವವರು ಬಹಳ. ಲಸಿಕೆ ನೀತಿಯನ್ನು ಕೋರ್ಟ್ ತಳ್ಳಿಹಾಕಲಿಲ್ಲ. ಜನಾರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹೇರಬಹುದು, ಆದರೆ ಅದಕ್ಕೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಹತೋಟಿ ಇರಬೇಕು. ಲಸಿಕೆ ಹಾಕಿಸಿಕೊಳ್ಳದವರಿಂದ ಸೋಂಕು ಹೆಚ್ಚು ಹರಡುತ್ತದೆ ಎನ್ನುವುದಕ್ಕೆ ಸರ್ಕಾರಗಳು ದತ್ತಾಂಶ ಮುಂದಿಡಲಿಲ್ಲ. ಅದಕ್ಕೇ ಆಗಿನ ನಿರ್ಬಂಧಗಳು ಉದ್ದೇಶಕ್ಕೆ ತಕ್ಕಷ್ಟಲ್ಲ ಎಂದು ಕೋರ್ಟ್ ಹೇಳಿತು. ತೀರ್ಪು ಕೋವಿಡ್ ಲಸಿಕೆಗಷ್ಟೇ ಸೀಮಿತ. ಮಕ್ಕಳ ಪೋಲಿಯೊ, ದಡಾರ ಲಸಿಕೆಗೆ ಇದನ್ನು ಎಳೆದು ತರುವುದು ತಪ್ಪು.

ಸೇವೆಯ ದೊಡ್ಡ ಕೊರತೆ ಅಡ್ಡಪರಿಣಾಮದ ವರದಿ. ಕೋವಿನ್‌ನಲ್ಲಿ ಅದು ಆರೋಗ್ಯ ಸಿಬ್ಬಂದಿಯ ಕೈಯಲ್ಲಿತ್ತು. ಜನರೂ ಖಾಸಗಿ ವೈದ್ಯರೂ ನೇರ ತಿಳಿಸುವಂತೆ ಮಾಡಿ, ಗುರುತು ಬಯಲಾಗದಂತೆ ಪ್ರಕಟಿಸಿ ಎಂದು ಕೋರ್ಟೇ ಹೇಳಬೇಕಾಯಿತು. ಔಷಧ ಅಡ್ಡಪರಿಣಾಮಗಳ ರಾಷ್ಟ್ರೀಯ ಸಹಾಯವಾಣಿ 1800-180-3024. ಕರೆ ಮಾಡುವ ಮುನ್ನ ಲಸಿಕೆಯ ಹೆಸರು, ಡೋಸ್ ದಿನಾಂಕ, ಲಕ್ಷಣ ಶುರುವಾದ ದಿನ, ಬ್ಯಾಚ್ ನಂಬರ್ ಬರೆದಿಟ್ಟುಕೊಳ್ಳಿ. ಬ್ಯಾಚ್ ನಂಬರ್ ಪ್ರಮಾಣಪತ್ರದಲ್ಲೇ ಅಚ್ಚಾಗಿರುತ್ತದೆ, ಆ ಹಾಳೆಯನ್ನು ಎಸೆಯಬೇಡಿ.