1966ರ ಫೋರ್ಡ್ ಮಸ್ಟಾಂಗ್ ನಿತ್ಯದ ಓಡಾಟಕ್ಕೆ: ದೀರ್ಘಕಾಲದ ಬಳಕೆಯ ನಂತರ ಒಂದು ವಿಮರ್ಶೆ

ಹಳೆಯ ಅಮೆರಿಕನ್ ಕಾರನ್ನು ಮೊದಲಿದ್ದಂತೆಯೇ ಸಿಂಗರಿಸಿ ಭಾನುವಾರದ ಪ್ರದರ್ಶನಕ್ಕೆ ನಿಲ್ಲಿಸುವವರ ಅಗತ್ಯಗಳೇ ಬೇರೆ, ಅದೇ ಕಾರಿನಲ್ಲಿ ಸೋಮವಾರ ಬೆಳಿಗ್ಗೆ ಕಚೇರಿಗೆ ಹೊರಡುವವರ ಅಗತ್ಯಗಳೇ ಬೇರೆ. ನಾನು ಎರಡನೆಯ ಗುಂಪಿಗೆ ಸೇರಿದವನು. ನನ್ನಲ್ಲಿರುವುದು 1966ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್. 289 ಘನ ಅಂಗುಲದ, ಅಂದರೆ 4.7 ಲೀಟರಿನ ವಿ8 ಎಂಜಿನ್, ಮೂರು ಗೇರಿನ ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸ್, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ಕೈಗೆ ಬಂದಾಗ ಇದ್ದದ್ದು ಇಷ್ಟು. ಐದಾರು ವರ್ಷಗಳಿಂದ ಇದನ್ನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಸಾಂತಾ ಕ್ಲಾರಾಕ್ಕೆ, ಬಹುಪಾಲು 880ನೇ ಹೆದ್ದಾರಿಯ ದಟ್ಟಣೆಯಲ್ಲಿ, ಓಡಿಸುತ್ತಿದ್ದೇನೆ. ಕಾರಿನ ಗುರುತಿನ ಸಂಖ್ಯೆಯಲ್ಲಿರುವ ‘ಆರ್’ ಅಕ್ಷರ ಫೋರ್ಡಿನ ಸ್ಯಾನ್ ಹೋಸೆ ಕಾರ್ಖಾನೆಯದು. ಹೆಸರು ಸ್ಯಾನ್ ಹೋಸೆಯದಾದರೂ ಕಾರ್ಖಾನೆ ಇದ್ದದ್ದು ಪಕ್ಕದ ಮಿಲ್ಪಿಟಾಸ್‌ನಲ್ಲಿ. 1983ರಲ್ಲಿ ಅದು ಮುಚ್ಚಿತು, 1994ರಿಂದ ಅದೇ ಕಟ್ಟಡ ಗ್ರೇಟ್ ಮಾಲ್ ಆಗಿದೆ. ಮನೆಯವರು ಅಲ್ಲಿ ಬಟ್ಟೆ ಆರಿಸುವಾಗ ಕಾರು ತಾನು ತಯಾರಾದ ಜಾಗದಲ್ಲೇ ಬಿಸಿಲು ಕಾಯುತ್ತಿರುತ್ತದೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಥ ಕಾರನ್ನು ದಿನಬಳಕೆಗೆ ಅಣಿಗೊಳಿಸುವಾಗ ಎಂಜಿನ್ನಿನ ಶಕ್ತಿ ಹೆಚ್ಚಿಸಲು ಒಂದು ಡಾಲರನ್ನೂ ಖರ್ಚು ಮಾಡಬೇಕಾಗಿಲ್ಲ. ಎರಡು ಬ್ಯಾರೆಲ್ಲಿನ ಕಾರ್ಬುರೇಟರ್ ಇರುವ ಈ ಎಂಜಿನ್ನಿಗೆ ಕಂಪನಿ ಅಂದು ಹೇಳಿದ್ದು 200 ಅಶ್ವಶಕ್ತಿ. ಅಂದಿನ ಅಳತೆಯ ಪದ್ಧತಿ ಉದಾರವಾಗಿತ್ತು ಎಂದು ಒಂದಿಷ್ಟು ಕಳೆದರೂ ಹೆದ್ದಾರಿಯಲ್ಲಿ ಯಾರಿಗೂ ಅಡ್ಡಿಯಾಗದಂತೆ ಸೇರಿಕೊಳ್ಳಲು ಅದು ಧಾರಾಳವಾಯಿತು. ಹಣ ಹೋಗಬೇಕಾದದ್ದು ಕಾರು ನಿಲ್ಲುವುದಕ್ಕೆ, ನೀರು ಒಳಬರದಿರುವುದಕ್ಕೆ, ಬಿಸಿಯಾಗದಿರುವುದಕ್ಕೆ ಮತ್ತು ಹೆದ್ದಾರಿಯಲ್ಲಿ ಎಂಜಿನ್ ನಿರಾಳವಾಗಿ ತಿರುಗುವುದಕ್ಕೆ. ಗ್ಯಾರೇಜುಗಳಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿರುತ್ತದೆ, ಏಕೆಂದರೆ ಹೊಸ ಕ್ಯಾಮ್‌ಶಾಫ್ಟನ್ನು ಮಾರುವುದು ಸುಲಭ, ತುಕ್ಕು ಕೆರೆಯುವುದು ಕಷ್ಟ.

ತುಕ್ಕಿನ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕೌಲ್. ಮುಂಗಾಜಿನ ಬುಡದಲ್ಲಿ, ವೈಪರುಗಳ ಕೆಳಗೆ, ಗಾಳಿಗಾಗಿ ಸೀಳುಗಳಿರುವ ತಗಡಿನ ಪೆಟ್ಟಿಗೆಯಂಥ ಭಾಗ ಅದು. ಸೀಳುಗಳಿಂದ ಇಳಿದ ಮಳೆನೀರು ಎರಡೂ ಬದಿಗೆ ಹರಿದು ಹೊರಹೋಗಬೇಕು, ಗಾಳಿ ಮಾತ್ರ ಒಳಗೆ ಎದ್ದು ನಿಂತ ಎರಡು ದುಂಡನೆಯ ಕುತ್ತಿಗೆಗಳ ಮೂಲಕ ಕ್ಯಾಬಿನ್ನಿಗೆ ಬರಬೇಕು ಎಂಬುದು ವಿನ್ಯಾಸ. ಎಲೆ, ಧೂಳು ಕೂತು ವರ್ಷಗಟ್ಟಲೆ ತೇವ ಹಿಡಿದರೆ ಆ ಕುತ್ತಿಗೆಗಳ ಬುಡ ತುಕ್ಕು ಹಿಡಿದು ತೂತಾಗುತ್ತದೆ. ಆಮೇಲೆ ಮಳೆ ಬಂದಾಗಲೆಲ್ಲ ನೀರು ನೇರವಾಗಿ ಮುಂದಿನ ಸೀಟಿನವರ ಪಾದದ ಮೇಲೆ ತೊಟ್ಟಿಕ್ಕಿ, ಕಾರ್ಪೆಟ್ಟಿನ ಅಡಿಯಲ್ಲಿ ನಿಂತು ನೆಲದ ತಗಡನ್ನೂ ತಿನ್ನುತ್ತದೆ. ಕೌಲಿನ ಮೇಲ್ತಗಡನ್ನು ಬೋಲ್ಟಿನಿಂದ ಕೂರಿಸಿಲ್ಲ, ಚುಕ್ಕಿ ಬೆಸುಗೆಯಿಂದ ಹಿಡಿಸಿದ್ದಾರೆ. ಆದ್ದರಿಂದ ಫೆಂಡರುಗಳನ್ನೂ ಮುಂಗಾಜನ್ನೂ ಕಳಚಿ, ಬಣ್ಣ ಕೆರೆದು, ಒಂದೊಂದು ಬೆಸುಗೆಯ ಚುಕ್ಕಿಯನ್ನೂ ಹುಡುಕಿ ಡ್ರಿಲ್ಲಿನಿಂದ ಕೊರೆದ ಮೇಲೆಯೇ ಆ ತಗಡು ಮೇಲೇಳುತ್ತದೆ. ನನ್ನ ಕಾರಿನದನ್ನು ತೆಗೆದಾಗ ಒಳಗೆ ಪೈನ್ ಮರದ ಎಲೆಗಳು ಕೊಳೆತು ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದಂತೆ ಕಪ್ಪಾಗಿ ಗಟ್ಟಿಯಾಗಿದ್ದವು. ಅವುಗಳ ಕೆಳಗೆ ಹಿಂದಿನವರು ಯಾರೋ ಬಳಿದಿದ್ದ ಡಾಂಬರು, ಅದರ ಕೆಳಗೆ ಬೆರಳು ಒತ್ತಿದರೆ ಪುಡಿಯಾಗುವ ತಗಡು. ಎರಡೂ ಬದಿಗೆ ಹೊಸ ತಗಡು ಕೂರಿಸಿ, ಸೀಲರ್ ಹಚ್ಚಿ, ಮುಚ್ಚುವ ಮೊದಲು ನೀರು ಹುಯ್ದು ಪರೀಕ್ಷಿಸಿದ ಆ ಕೆಲಸಕ್ಕೆ ಆದ ಖರ್ಚು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಆದರೂ ಈ ಕಾರಿನ ಮೇಲೆ ಮಾಡಿದ ಖರ್ಚಿನಲ್ಲಿ ಸಾರ್ಥಕವಾದದ್ದು ಯಾವುದೆಂದರೆ ನಾನು ಅದನ್ನೇ ಹೆಸರಿಸುತ್ತೇನೆ. ಅಂಟಿಸುವ ಪ್ಲಾಸ್ಟಿಕ್ ಮುಚ್ಚಳಗಳೂ ಮಾರುಕಟ್ಟೆಯಲ್ಲಿವೆ. ಅವು ಒಂದೆರಡು ಮಳೆಗಾಲ ತಳ್ಳುವುದಕ್ಕೆ ಸರಿ.

ಬ್ರೇಕಿನ ವಿಷಯಕ್ಕೆ ಬಂದರೆ, 1966ರ ಮಸ್ಟಾಂಗ್‌ನ ಮಾಸ್ಟರ್ ಸಿಲಿಂಡರಿನಲ್ಲಿ, ಅಂದರೆ ಪೆಡಲ್ ತುಳಿದಾಗ ಬ್ರೇಕಿನ ಎಣ್ಣೆಯನ್ನು ಚಕ್ರಗಳತ್ತ ಒತ್ತುವ ಭಾಗದಲ್ಲಿ, ಒಂದೇ ಕೋಣೆ ಇದೆ. ನಾಲ್ಕರಲ್ಲಿ ಯಾವ ಚಕ್ರದ ಬಳಿ ಎಣ್ಣೆ ಸೋರಿದರೂ ಪೆಡಲ್ ನೆಲ ಮುಟ್ಟುತ್ತದೆ, ಉಳಿಯುವುದು ಪಾರ್ಕಿಂಗ್ ಬ್ರೇಕ್ ಮಾತ್ರ. 1967ರ ಮಾದರಿಯಿಂದ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಕೋಣೆ ಬಂತು. ಆದ್ದರಿಂದ ಎರಡು ಕೋಣೆಯ ಸಿಲಿಂಡರ್ ಹಾಕಿಸದೆ ಈ ಕಾರನ್ನು ನಿತ್ಯ ಓಡಿಸಬೇಡಿ ಎಂಬುದು ನನ್ನ ಖಚಿತ ಮಾತು. ಡಿಸ್ಕ್ ಬ್ರೇಕಿನ ಯೋಚನೆ ಆಮೇಲಿನದು. ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸುವಾಗ ಎರಡು ಸಣ್ಣ ವಿಷಯಗಳನ್ನು ಮೆಕ್ಯಾನಿಕ್ ಬಳಿ ಕೇಳಿ ತಿಳಿದುಕೊಳ್ಳಬೇಕು. ಡ್ರಮ್ ಬ್ರೇಕಿನ ಕೊಳವೆಯಲ್ಲಿ ಸ್ವಲ್ಪ ಒತ್ತಡವನ್ನು ಸದಾ ಹಿಡಿದಿಡುವ ಒಂದು ಕವಾಟ ಇರುತ್ತದೆ, ಅದು ಡಿಸ್ಕಿನ ಸಾಲಿನಲ್ಲಿ ಉಳಿದುಬಿಟ್ಟರೆ ಪ್ಯಾಡುಗಳು ಉಜ್ಜುತ್ತಲೇ ಇದ್ದು ಬಿಸಿಯಾಗುತ್ತವೆ. ಹಾಗೆಯೇ ಸಿಲಿಂಡರಿನ ಒಳವ್ಯಾಸ ದೊಡ್ಡದಾದಷ್ಟೂ ಪೆಡಲನ್ನು ಹೆಚ್ಚು ಬಲವಾಗಿ ತುಳಿಯಬೇಕಾಗುತ್ತದೆ. ಇವೆರಡೂ ಸರಿಯಾಗಿದ್ದರೆ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್ ಇಲ್ಲದೆಯೂ ಕಾರು ನೆಟ್ಟಗೆ, ನಂಬಿಕೆ ಹುಟ್ಟುವಂತೆ ನಿಲ್ಲುತ್ತದೆ. ಹಿಂದಿನ ಡ್ರಮ್‌ಗಳನ್ನು ಹಾಗೆಯೇ ಬಿಟ್ಟಿದ್ದೇನೆ.

ಮೂಲದ ಸಿ4 ಗೇರ್‌ಬಾಕ್ಸಿನಲ್ಲಿ ಓವರ್‌ಡ್ರೈವ್, ಅಂದರೆ ಎಂಜಿನ್ನಿಗಿಂತ ಡ್ರೈವ್‌ಶಾಫ್ಟ್ ಹೆಚ್ಚು ಸುತ್ತು ತಿರುಗುವ ಗೇರ್, ಇಲ್ಲ. ಮೂರನೆಯ ಗೇರಿನಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆಯೋ ಡ್ರೈವ್‌ಶಾಫ್ಟೂ ಅಷ್ಟೇ ಸುತ್ತು ತಿರುಗುತ್ತದೆ. ಹಳೆಯ ಕಾರುಗಳನ್ನು ಮಾರ್ಪಡಿಸುವವರಲ್ಲಿ ಹೆಚ್ಚಿನವರು ಐದು ಗೇರಿನ ಟಿ5 ಮ್ಯಾನ್ಯುಯಲ್ ಹಾಕಿಸುತ್ತಾರೆ, ಖಾಲಿ ರಸ್ತೆಯಲ್ಲಿ ಅದರ ಸುಖವೇ ಬೇರೆ. ಆದರೆ 880ರಲ್ಲಿ ಸಂಜೆ ಐದು ಗಂಟೆಗೆ ಕ್ಲಚ್ ತುಳಿಯುತ್ತ ಕೂರುವ ತಾಳ್ಮೆ ನನಗಿಲ್ಲವಾದ್ದರಿಂದ 1980ರ ದಶಕದ ಫೋರ್ಡ್ ಕಾರುಗಳಲ್ಲಿ ಬರುತ್ತಿದ್ದ ನಾಲ್ಕು ಗೇರಿನ ಎಒಡಿ ಆಟೋಮ್ಯಾಟಿಕನ್ನು ಆರಿಸಿಕೊಂಡೆ. ಇದರ ನಾಲ್ಕನೆಯ ಗೇರಿನ ಅನುಪಾತ 0.67. ಜೊತೆಗೆ ಹಿಂದಿನ ಆಕ್ಸಲ್ಲಿನ ಅನುಪಾತವನ್ನು 3.00ರಿಂದ 3.55ಕ್ಕೆ ಬದಲಿಸಿದ್ದರಿಂದ ಗಂಟೆಗೆ 65 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2,500 ಸುತ್ತಿನ ಬದಲು 2,000ದ ಆಸುಪಾಸಿನಲ್ಲಿ ತಿರುಗುತ್ತದೆ, ಸಿಗ್ನಲ್ಲಿನಿಂದ ಹೊರಡುವಾಗಲೂ ಮೊದಲಿಗಿಂತ ಚುರುಕಾಗಿದೆ. ಬೇ ಏರಿಯಾದ ಕನ್ನಡಿಗ ಗೆಳೆಯರು ಈ ಕಾರನ್ನು ಕಂಡ ಕೂಡಲೇ ಕೇಳುವುದು ‘ಎಷ್ಟು ಮೈಲೇಜ್ ಕೊಡುತ್ತೆ?’ ಎಂದು, ಅವರಿಗಾಗಿ ಹೇಳುವುದಾದರೆ, ಗ್ಯಾಲನ್ನಿಗೆ 14 ಮೈಲಿಯಷ್ಟಿದ್ದದ್ದು ಈಗ ಹೆದ್ದಾರಿಯಲ್ಲಿ 20ರ ಹತ್ತಿರ ಬರುತ್ತದೆ. ಉತ್ತರ ಕೇಳಿದವರ ಮುಖದಲ್ಲಿ ಮಾತ್ರ ಬದಲಾವಣೆ ಆಗಿಲ್ಲ.

ಈ ಅಳವಡಿಕೆಯಲ್ಲಿ ಎಡವುವ ಜಾಗಗಳು ಎರಡು. 289 ಎಂಜಿನ್ನಿನ ಸಮತೋಲನಕ್ಕೆ 28 ಔನ್ಸಿನ ಫ್ಲೆಕ್ಸ್‌ಪ್ಲೇಟ್ (ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ತಟ್ಟೆ; ಔನ್ಸ್ ಅದರ ಸಮತೋಲನದ ಅಳತೆ, ತೂಕವಲ್ಲ) ಬೇಕು, ಆದರೆ ಎಒಡಿಯ ಜೊತೆ ಹಳೆಯ ಕಾರುಗಳಿಂದ ಬಿಚ್ಚಿ ತರುವ ಪ್ಲೇಟುಗಳು ಬಹುಪಾಲು 50 ಔನ್ಸಿನವು. ಅದನ್ನು ಹಾಕಿದರೆ ಇಡೀ ಕಾರು ಅದುರುತ್ತದೆ, ಬೇರಿಂಗುಗಳೂ ಹಾಳಾಗುತ್ತವೆ. ಎರಡನೆಯದು ಕಾರ್ಬುರೇಟರಿಗೂ ಗೇರ್‌ಬಾಕ್ಸಿಗೂ ನಡುವಿನ ಥ್ರಾಟಲ್ ವಾಲ್ವ್ (ಟಿವಿ) ಕೇಬಲ್. ಆಕ್ಸಲರೇಟರ್ ಎಷ್ಟು ಒತ್ತಿದ್ದೀರಿ ಎಂಬುದನ್ನು ಗೇರ್‌ಬಾಕ್ಸಿಗೆ ತಿಳಿಸಿ ಒಳಗಿನ ಎಣ್ಣೆಯ ಒತ್ತಡವನ್ನು ನಿರ್ಧರಿಸುವುದು ಅದೇ. ಕೇಬಲ್ ಸಡಿಲವಾಗಿದ್ದರೆ ಗೇರುಗಳು ಮೆತ್ತಗೆ, ಹಿತವಾಗಿ ಬದಲಾಗುತ್ತವೆ, ಚಾಲಕನಿಗೆ ಸಂತೋಷವೂ ಆಗುತ್ತದೆ, ಒಳಗೆ ಕ್ಲಚ್‌ಗಳು ಸುಟ್ಟುಹೋಗುತ್ತಿರುತ್ತವೆ. ಒತ್ತಡದ ಗೇಜ್ ಹಚ್ಚಿ ಅಳೆದು ಹೊಂದಿಸುವವರ ಕೈಗೆ ಮಾತ್ರ ಈ ಕೆಲಸ ಕೊಡಬೇಕು.

ಕಾರ್ಬುರೇಟರಿನ ಬಗ್ಗೆ ನನ್ನ ಅಭಿಪ್ರಾಯ ಅನೇಕರಿಗೆ ಹಿಡಿಸಲಾರದು. ತಾನೇ ಕಲಿತುಕೊಳ್ಳುತ್ತದೆಂಬ ಜಾಹೀರಾತಿನ ಎಲೆಕ್ಟ್ರಾನಿಕ್ ಇಂಧನ ಇಂಜೆಕ್ಷನ್ ಕಿಟ್ಟೊಂದನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಬಳಸಿದೆ. ಚಳಿಗಾಲದ ಬೆಳಿಗ್ಗೆ ಅದು ಚಾಲೂ ಆಗುತ್ತಿದ್ದ ರೀತಿ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಡಿಸ್ಟ್ರಿಬ್ಯೂಟರಿನ ತಂತಿಗಳಿಂದ ಹೊಮ್ಮುವ ವಿದ್ಯುತ್ ಗದ್ದಲಕ್ಕೆ ಅದರ ಕಂಪ್ಯೂಟರ್ ಕಂಗಾಲಾಗಿ, ಕಾರು ಓಡುತ್ತಿದ್ದ ಹಾಗೆಯೇ ಎಂಜಿನ್ ನಿಂತುಹೋಗುವುದಿತ್ತು. ತಂತಿಗಳನ್ನು ದೂರ ಸರಿಸಿ, ಬ್ಯಾಟರಿಯಿಂದ ನೇರ ಸಂಪರ್ಕ ಕೊಟ್ಟ ಮೇಲೆ ಆ ತೊಂದರೆ ಹೋಯಿತು. ಸ್ವಲ್ಪ ದಿನಕ್ಕೆ ಕಂಪ್ಯೂಟರೇ ಕೆಟ್ಟಿತು. ತಯಾರಕರು ತಕರಾರಿಲ್ಲದೆ ಬೇರೆಯದನ್ನು ಕಳುಹಿಸಿದರು, ಆದರೆ ಅದು ಬರುವವರೆಗೆ ಕಾರು ಶೆಡ್ಡಿನಲ್ಲಿತ್ತು, ನಾನು ರೈಲಿನಲ್ಲಿದ್ದೆ. ಈಗ ಎಂಜಿನ್ ಮೇಲಿರುವುದು ಕಾರಿನ ಜೊತೆಯೇ ಬಂದ ಆಟೋಲೈಟ್ 2100 ಕಾರ್ಬುರೇಟರ್, ಚೆನ್ನಾಗಿ ತೊಳೆದು ಹೊಸ ಗ್ಯಾಸ್ಕೆಟ್ ಹಾಕಿ, ಚೋಕನ್ನು ಮಾತ್ರ ವಿದ್ಯುತ್ತಿನದಕ್ಕೆ ಬದಲಿಸಿದ್ದು. ಇದು ಅತ್ಯಂತ ಸರಳ ರಚನೆಯ ಕಾರ್ಬುರೇಟರ್. ಕೆಟ್ಟರೆ ಏನು ಕೆಟ್ಟಿದೆ ಎಂದು ಕಣ್ಣಿಗೆ ಕಾಣುತ್ತದೆ, ರಸ್ತೆ ಬದಿಯಲ್ಲಿ ಸ್ಕ್ರೂ ಡ್ರೈವರಿನಿಂದ ಸರಿಯಾಗುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳ ಜಾಗದಲ್ಲಿ ಎಲೆಕ್ಟ್ರಾನಿಕ್ ಘಟಕ ಕೂರಿಸಿದ್ದು ಮಾತ್ರ ಅಗ್ಗದ, ನಿಶ್ಚಿಂತೆಯ ಸುಧಾರಣೆ. ಇಂದಿನ ಪೆಟ್ರೋಲಿನಲ್ಲಿ ಶೇ. 10ರಷ್ಟು ಎಥನಾಲ್ ಇರುವುದರಿಂದ ಇಂಧನದ ರಬ್ಬರ್ ಕೊಳವೆಗಳನ್ನೆಲ್ಲ ಬದಲಿಸಬೇಕು ಎಂಬುದನ್ನೂ ಇಲ್ಲೇ ಸೇರಿಸುತ್ತೇನೆ.

ಏರ್ ಕಂಡೀಷನರ್ ಹಾಕಿಸಿದ್ದೇನೆ, ತಂಪಾಗುತ್ತದೆ, ಆದರೆ ಅದು ಒಂಟಿಯಾಗಿ ಬರುವ ಅತಿಥಿಯಲ್ಲ. ಮೂಲದ ಆಲ್ಟರ್ನೇಟರ್ ಬ್ಲೋವರ್, ವಿದ್ಯುತ್ ಫ್ಯಾನ್ ಮತ್ತು ಹೆಡ್‌ಲೈಟುಗಳನ್ನು ಒಟ್ಟಿಗೆ ಹೊರಲಾರದು. 100 ಆಂಪಿಯರಿನದು ಬೇಕು, ಅದಕ್ಕೆ ತಕ್ಕ ದಪ್ಪದ ತಂತಿಯೂ ಬೇಕು. ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಮತ್ತು ನೆಲಕ್ಕೆ ಶಾಖ ತಡೆಯುವ ಹಾಳೆ ಹಾಸದಿದ್ದರೆ ಎಂಜಿನ್ನಿನ ಬಿಸಿ ಕಾಲಿನ ಕಡೆಯಿಂದ ಬಂದು ತಂಪನ್ನೆಲ್ಲ ನುಂಗುತ್ತದೆ. ರೇಡಿಯೇಟರ್ ದೊಡ್ಡದಾಗಿದ್ದರೆ ಸಾಕೆಂದು ಬಹಳ ಜನ ತಿಳಿದಿದ್ದಾರೆ. ಆದರೆ ಫ್ಯಾನಿನ ಸುತ್ತ ಶ್ರೌಡ್, ಅಂದರೆ ಗಾಳಿಗೆ ದಾರಿ ಮಾಡುವ ಕವಚ, ಇಲ್ಲದಿದ್ದರೆ ಗಾಳಿ ರೇಡಿಯೇಟರಿನ ಪೂರ್ತಿ ಅಗಲಕ್ಕೆ ಎಳೆಯಲ್ಪಡುವುದೇ ಇಲ್ಲ. ಬೇಸಿಗೆಯಲ್ಲಿ 580ನೇ ಹೆದ್ದಾರಿಯ ಆಲ್ಟಮಾಂಟ್ ಏರನ್ನು ಎ.ಸಿ. ಆರಿಸದೆ ಹತ್ತುವುದೇ ನನ್ನ ಪರೀಕ್ಷೆ. ಶ್ರೌಡ್ ಬಂದ ಮೇಲೆ ಉಷ್ಣತೆಯ ಮುಳ್ಳು ಅಲ್ಲಿ ನಡುಭಾಗ ದಾಟಿಲ್ಲ.

ಸ್ಟೀರಿಂಗ್ ಮತ್ತು ಸಸ್ಪೆನ್ಷನ್ನಿಗೆ ಹೆಚ್ಚು ಖರ್ಚಿಲ್ಲದೆ ಆಗುವ ಒಂದು ಕೆಲಸವಿದೆ. ಫೋರ್ಡಿನ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ರೂಪಿಸಿದ, ಮಸ್ಟಾಂಗಿನದೇ ವೇಗದ ರೂಪವಾದ 1965ರ ಶೆಲ್ಬಿ ಜಿಟಿ350ಯಲ್ಲಿ ಬಳಸಿದ ಉಪಾಯ ಅದು: ಮುಂದಿನ ಚಕ್ರಗಳನ್ನು ಹಿಡಿದಿಡುವ ಸಸ್ಪೆನ್ಷನ್ನಿನ ಮೇಲ್ತೋಳುಗಳನ್ನು ಒಂದು ಅಂಗುಲ ಕೆಳಗೆ ಹೊಸ ತೂತು ಕೊರೆದು ಕೂರಿಸುವುದು. ತಿರುವಿನಲ್ಲಿ ಕಾರು ವಾಲುವ ರೀತಿಯೇ ಸುಧಾರಿಸುತ್ತದೆ. ಅಲೈನ್‌ಮೆಂಟ್ ಮಾಡಿಸುವಾಗ ಹಳೆಯ ಕೈಪಿಡಿಯ ಅಂಕಿಗಳನ್ನು ಕೊಡಬಾರದು, ಅವು ಅಂದಿನ ಬಯಾಸ್ ಟೈರುಗಳಿಗೆ ಬರೆದವು. ರೇಡಿಯಲ್ ಟೈರುಗಳಿಗೆ ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಎರಡರಿಂದ ಮೂರು ಡಿಗ್ರಿ ಇದ್ದರೆ ಕಾರು ಹೆದ್ದಾರಿಯಲ್ಲಿ ಅತ್ತಿತ್ತ ಅಲೆಯುವುದಿಲ್ಲ.

ಯಾವ ಮಾರ್ಪಾಡಿನಿಂದಲೂ ಸರಿಹೋಗದ ವಿಷಯ ಅಪಘಾತದ ಸುರಕ್ಷತೆ. ಈ ಕಾರಿನ ಸ್ಟೀರಿಂಗ್ ಕಾಲಂ ಅಪಘಾತವಾದಾಗ ಒಳಗೆ ಕುಸಿಯುವ ಬಗೆಯದಲ್ಲ. ಸೀಟಿಗೆ ತಲೆಯಾಸರೆ ಇಲ್ಲ, ಸೊಂಟದ ಬೆಲ್ಟ್ ಮಾತ್ರ ಇದೆ. ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲವೂ ಹೌದು, ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ಇರುವುದು ಒಂದು ರಟ್ಟಿನ ಹಾಳೆ. ಮೂರು ಬಿಂದುವಿನ ಬೆಲ್ಟುಗಳನ್ನು ಛಾವಣಿಯ ಅಂಚಿಗೆ ಬಲ ಕೊಡುವ ಉಕ್ಕಿನ ಪಟ್ಟಿ ಬೆಸೆದು ಹಾಕಿಸಿದ್ದೇನೆ, ಡಿಕ್ಕಿಗೂ ಸೀಟಿಗೂ ನಡುವೆ ಉಕ್ಕಿನ ತಗಡು ಕೂರಿಸಿದ್ದೇನೆ. ಇಷ್ಟಾದರೂ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೋಗುವುದಿಲ್ಲ. ಅದಕ್ಕೆ ಮನೆಯಲ್ಲಿ ಬೇರೆ ಕಾರಿದೆ. ಮನೆಯಲ್ಲಿ ಒಂದೇ ಕಾರು ಇರುವವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ.

ಕಾಗದಪತ್ರದ ಮಟ್ಟಿಗೆ ಕ್ಯಾಲಿಫೋರ್ನಿಯಾ ಅನುಕೂಲಕರವಾಗಿದೆ. 1975 ಮತ್ತು ಅದಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ. ಆದರೆ ಐತಿಹಾಸಿಕ ವಾಹನದ ನಂಬರ್ ಪ್ಲೇಟ್ ತೆಗೆದುಕೊಂಡರೆ ನಿತ್ಯ ಕಚೇರಿಗೆ ಓಡಿಸುವಂತಿಲ್ಲ, ಸಾಮಾನ್ಯ ನೋಂದಣಿಯೇ ಬೇಕು. ವಿಮೆಯಲ್ಲೂ ಹೀಗೆಯೇ: ಹಳೆಯ ಕಾರುಗಳಿಗೆಂದೇ ಇರುವ ಅಗ್ಗದ ಪಾಲಿಸಿಗಳಲ್ಲಿ ಹೆಚ್ಚಿನವು ನಿತ್ಯದ ಓಡಾಟವನ್ನು ಒಪ್ಪುವುದಿಲ್ಲ, ಸಹಿ ಹಾಕುವ ಮುನ್ನ ಆ ಷರತ್ತನ್ನು ಓದಿ.

ಕೊಳ್ಳಬೇಕೆಂದು ಹೊರಟವರು ಮೊದಲು ಚಕ್ರದ ನಟ್ಟುಗಳನ್ನು ಎಣಿಸಿ. ವಿ8 ಕಾರುಗಳಿಗೆ ಐದು ನಟ್ಟು, ಆರು ಸಿಲಿಂಡರಿನವಕ್ಕೆ ನಾಲ್ಕು. ಎಂಜಿನ್ ವಿ8 ಇದ್ದು ನಟ್ಟು ನಾಲ್ಕೇ ಇದ್ದರೆ, ಮಾರುವವರು ಎಂಜಿನ್ ಒಂದನ್ನೇ ಬದಲಿಸಿ ಬ್ರೇಕು, ಆಕ್ಸಲ್ಲುಗಳ ಮಟ್ಟಿಗೆ ಹಗುರ ಕಾರಿನವನ್ನೇ ಉಳಿಸಿದ್ದಾರೆ ಎಂದರ್ಥ. ಆಮೇಲೆ ತೋಟದ ಪೈಪಿನಿಂದ ಕೌಲಿನ ಮೇಲೆ ನೀರು ಬಿಟ್ಟು, ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚ್ ಹಿಡಿದು ನೋಡಿ. ಇದಕ್ಕೆ ಒಪ್ಪದ ಮಾರಾಟಗಾರರ ಬಳಿ ಬೆಲೆಯ ಮಾತು ಎತ್ತುವ ಅಗತ್ಯವೇ ಇಲ್ಲ.