ಮರದ ಚಾವಣಿಗೆ ಹಿಮ ಕರಗಿಸುವ ಕೇಬಲ್: ಎರಡರಲ್ಲಿ ಯಾವುದು?

ಸೂರಿನಂಚಿನಲ್ಲಿ ಮಂಜುಗಡ್ಡೆ ಕಟ್ಟಿ, ಕರಗಿದ ನೀರು ಹಲಗೆಗಳ ಸಂದಿಗೆ ಹಿಂದಿರುಗಿ ಸೋರುತ್ತಿದ್ದರೆ, ಬಿಸಿ ಕೇಬಲ್ ಹಾಕಿಸುವ ಯೋಚನೆ ಸಹಜ. ಸಿಗುವುದು ಎರಡು ಬಗೆ.

ಸ್ಥಿರ ವ್ಯಾಟ್‌ನದು ಅಗ್ಗ, ಪ್ಲಗ್ ಸಮೇತ ಬರುತ್ತದೆ. ಆದರೆ ಹಿಮ ಇರಲಿ ಬಿಡಲಿ, ಉದ್ದಕ್ಕೂ ಒಂದೇ ಸಮ ಕಾಯುತ್ತದೆ. ಒಂದರ ಮೇಲೊಂದು ಬಿದ್ದರೆ, ಒಣ ಎಲೆಕಸದಡಿ ಹೂತರೆ, ಬಿಸಿ ಅಲ್ಲೇ ಕೂತು ಹೊದಿಕೆ ಸುಟ್ಟೀತು. ಕೆಳಗಿರುವುದು ಮರ! ಉದ್ದ ಹೆಚ್ಚಾಯಿತೆಂದು ಕತ್ತರಿಸುವಂತೆಯೂ ಇಲ್ಲ. ತಂತಿ ಗಿಡ್ಡವಾದರೆ ರೋಧ (ಕರೆಂಟಿಗೆ ಅದು ಒಡ್ಡುವ ತಡೆ) ಇಳಿದು, ಕರೆಂಟ್ ಏರಿ, ಮಿತಿಮೀರಿ ಕಾಯುತ್ತದೆ.

ಸ್ವಯಂನಿಯಂತ್ರಿತ ಕೇಬಲ್‌ನಲ್ಲಿ ಎರಡು ತಂತಿಗಳ ನಡುವೆ ಇಂಗಾಲ ಬೆರೆತ ಪ್ಲಾಸ್ಟಿಕ್ ತಿರುಳಿದೆ. ಚಳಿಗೆ ಅದು ಕುಗ್ಗಿದಾಗ ಕರೆಂಟ್ ಹೆಚ್ಚು ಹರಿಯುತ್ತದೆ, ಕಾದು ಹಿಗ್ಗಿದಾಗ ಕಡಿಮೆ. ಬೇಕಾದಷ್ಟಕ್ಕೆ ಕತ್ತರಿಸಬಹುದು, ತುದಿಯನ್ನು ಸೀಲ್ ಮಾಡಲೇಬೇಕು. ದುಬಾರಿ ನಿಜ. ಮರಕ್ಕಾದರೆ ನನ್ನ ಓಟು ಇದಕ್ಕೇ.

ಹಾಗೆಂದು ಕಣ್ಣುಮುಚ್ಚಿ ಕೊಳ್ಳಬೇಡಿ. ಎಷ್ಟೋ ಕೇಬಲ್‌ಗಳ ಕೈಪಿಡಿಯಲ್ಲಿ ಮರದ ಚಾವಣಿಗೆ ಬೇಡವೆಂದೇ ಬರೆದಿರುತ್ತದೆ. ಆ ಸಾಲು ಕಂಡರೆ ಡಬ್ಬ ಅಲ್ಲೇ ಇಟ್ಟು ಬನ್ನಿ. ಯಾವುದೇ ಆಗಲಿ, ಮೊಳೆ ಕೇಬಲ್‌ಗೆ ತಾಗಬಾರದು, ಅದರ ಜತೆ ಬರುವ ಕ್ಲಿಪ್ಪನ್ನೇ ಬಳಸಿ. ಕರೆಂಟ್ ನೆಲಕ್ಕೆ ಸೋರಿದೊಡನೆ ಟ್ರಿಪ್ ಆಗುವ ರಕ್ಷಣೆ ಇರಬೇಕು. ಆ ವೈರಿಂಗ್ ಎಲೆಕ್ಟ್ರಿಷಿಯನ್ ಕೆಲಸ. ಚಳಿಗಾಲಕ್ಕೆ ಮೊದಲು ಸೂರಿನಂಚಿನ ನೀರು ಹರಿಯುವ ದೋಣಿಯ ಕಸ ತೆಗೆಯಿರಿ.

ಅಂದಹಾಗೆ, ಗಡ್ಡೆ ಕಟ್ಟಲು ಮೂಲ ಕಾರಣ ಹೆಚ್ಚಾಗಿ ಅಟ್ಟದಿಂದ ಸೋರುವ ಬಿಸಿ. ಅದಕ್ಕೆ ಚಾವಣಿಯ ಹಿಮ ಕರಗಿ, ನೀರು ತಣ್ಣಗಿನ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟುತ್ತದೆ. ಆ ಸೋರಿಕೆ ಮುಚ್ಚಿಸಿದರೆ ಎರಡೂ ಕೇಬಲ್ ಬೇಡವಾಗಬಹುದು.