ಫಾಂಟ್ ಚೆಂದ ಇದೆ ಅಂತ ಮರುಳಾಗಬೇಡಿ: ನನ್ನ ವೆಬ್‌ಕಾಮಿಕ್‌ನಲ್ಲಿ ಧನ ಹೋಗಿ ದನ ಬಂದದ್ದು

ನನ್ನ ಕಾಮಿಕ್‌ನ ಹತ್ತೊಂಬತ್ತನೇ ಕಂತು. ನಾಯಕಿ ಅಪ್ಪನ ಎದುರು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, "ನಿಮ್ಮ ಧನ ನನಗೆ ಬೇಡ" ಅನ್ನುತ್ತಾಳೆ. ಹಳೆ ಕಾಲದ ಕಥೆ, ಅದಕ್ಕೇ ಹಣ ಅನ್ನದೆ ಧನ ಅಂತ ಬರೆದಿದ್ದೆ. ಆ ಒಂದು ಪ್ಯಾನೆಲ್‌ಗೆ ಎರಡು ರಾತ್ರಿ ಕೂತಿದ್ದೆ. ಕಂತು ಹಾಕಿದ ಅರ್ಧ ಗಂಟೆಗೆ ಗೆಳತಿಯ ಮೆಸೇಜ್ ಬಂತು: "ಯಾವ ದನ ಕಣೇ? ಹಿಂದಿನ ಕಂತಲ್ಲಿ ದನ ಇರಲೇ ಇಲ್ವಲ್ಲ?"

ಫೋನ್ ತೆಗೆದು ನೋಡಿದೆ. ಅವಳು ಹೇಳಿದ್ದು ನಿಜ. ದನವೇ ಕಾಣುತ್ತಿತ್ತು.

ಆದದ್ದು ಇಷ್ಟು. ನಾನು ಬರೆಯುವ ಹಾಳೆಯ ಅಗಲ 2400 ಪಿಕ್ಸೆಲ್. ಕಂಪ್ಯೂಟರ್ ಪರದೆಯಲ್ಲಿ ಝೂಮ್ ಮಾಡಿಕೊಂಡು ಬರೆಯುವಾಗ ಎಲ್ಲವೂ ಸ್ಪಷ್ಟವಾಗಿರುತ್ತದೆ. ಆದರೆ ಯಾರು ಬೇಕಾದರೂ ತಮ್ಮ ಕಾಮಿಕ್ ಹಾಕಬಹುದಾದ ವೆಬ್‌ಟೂನ್ ಕ್ಯಾನ್ವಾಸ್‌ನಂಥ ತಾಣಗಳಲ್ಲಿ ಹಾಕಬೇಕಾದ ಚಿತ್ರದ ಅಗಲ 800 ಪಿಕ್ಸೆಲ್. ಮೂರರಲ್ಲಿ ಒಂದು ಪಾಲಿಗೆ ಇಳಿಸಿದಾಗ ಮೊದಲು ಮಾಯವಾಗುವುದು ಮಹಾಪ್ರಾಣದ ಆ ಸಣ್ಣ ಗೀಟು, ಹೊಟ್ಟೆ ಸೀಳೋದು ಅಂತೀವಲ್ಲ, ಅದು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಇವುಗಳ ನಡುವೆ ಇರುವ ವ್ಯತ್ಯಾಸ ಅದೊಂದೇ. ಸಾಲದ್ದಕ್ಕೆ ಆ ಮಾತನ್ನು ನಾನು ಬೋಲ್ಡ್ ಮಾಡಿದ್ದೆ. ಆ ಫಾಂಟ್‌ಗೆ ನಿಜವಾದ ಬೋಲ್ಡ್ ಇರಲೇ ಇಲ್ಲ. ಅಂಥಾಗ ಸಾಫ್ಟ್‌ವೇರ್ ತಾನೇ ಅಕ್ಷರದ ಸುತ್ತ ಮಸಿ ಬಳಿದು ದಪ್ಪ ಮಾಡುತ್ತದೆ. ಹಾಗೆ ಬಳಿದಾಗ ಗೀಟು ಹೊಟ್ಟೆಗೆ ಅಂಟಿಕೊಂಡಿತು. ಷ ಅಕ್ಷರದ ಒಳಗಿನ ಗೀಟೂ ಹೀಗೇ ಕಪ್ಪು ಮುದ್ದೆಯಾಗಿತ್ತು ಅಂತ ಆಮೇಲೆ ಗೊತ್ತಾಯಿತು.

ಈ ಫಾಂಟ್ ನನಗೆ ಸಿಕ್ಕಿದ್ದು ಒಂದು ಉಚಿತ ಫಾಂಟ್‌ಗಳ ಸಂಗ್ರಹದಲ್ಲಿ. ಕೈಬರಹದ ಹಾಗೆ ಸ್ವಲ್ಪ ಓರೆ, ಸ್ವಲ್ಪ ಉಬ್ಬು, ನೋಡಿದ ಕೂಡಲೇ "ಇದೇ ಬೇಕು" ಅನಿಸಿತು. ಮಾದರಿಯಾಗಿ ಅದರ ಕೆಳಗೆ ಹಾಕಿದ್ದ ಪದ "ನಮನ". ಯೋಚನೆ ಮಾಡಿ: ಒತ್ತಿಲ್ಲ, ಗುಡಿಸಿಲ್ಲ, ಮಹಾಪ್ರಾಣ ಇಲ್ಲ. ಆ ಪದದಲ್ಲಿ ಯಾವ ಫಾಂಟ್ ತಾನೇ ಕೆಟ್ಟದಾಗಿ ಕಾಣುತ್ತದೆ?

ಕೈಬರಹದ ಫಾಂಟ್ ಬೇಕು ಅನ್ನುವ ಆಸೆಯಲ್ಲಿ ತಪ್ಪಿರಲಿಲ್ಲ ಬಿಡಿ. ಎಲ್ಲರೂ ಆಡಿಕೊಳ್ಳುವ ಇಂಗ್ಲಿಷ್ ಫಾಂಟ್ ಕಾಮಿಕ್ ಸಾನ್ಸ್ ಹುಟ್ಟಿದ್ದೂ ಅದೇ ಆಸೆಯಿಂದ. 1994ರಲ್ಲಿ ಮೈಕ್ರೋಸಾಫ್ಟ್‌ನ ವಿನ್ಸೆಂಟ್ ಕೊನೇರ್ ಒಂದು ಸಾಫ್ಟ್‌ವೇರ್‌ನಲ್ಲಿ ಕಾರ್ಟೂನ್ ನಾಯಿಯ ಬಲೂನ್, ಅಂದರೆ ಪಾತ್ರದ ಮಾತು ಬರೆಯುವ ಗುಳ್ಳೆ, ನೋಡಿದರು. ನಾಯಿ ಪತ್ರಿಕೆಯ ಅಚ್ಚಿನಂಥ ಗಂಭೀರ ಫಾಂಟ್ ಟೈಮ್ಸ್ ನ್ಯೂ ರೋಮನ್‌ನಲ್ಲಿ ಮಾತಾಡುತ್ತಿತ್ತು. ಅದನ್ನು ಸಹಿಸಲಾರದೆ ಅವರು ಹೊಸ ಅಕ್ಷರ ಬರೆಯಲು ಕೂತರು. ಚಿತ್ರಕ್ಕೂ ಅಕ್ಷರಕ್ಕೂ ಹೊಂದಬೇಕು, ನಿಜವೇ. ನಾನು ಬರೀ ಅಷ್ಟನ್ನೇ ನೋಡಿದೆ.

ಇನ್ನೊಂದು ತಪ್ಪು, ಇಂಗ್ಲಿಷ್ ಕಾಮಿಕ್‌ಗಳ ಪಾಠವನ್ನು ಹಾಗೇ ಎತ್ತಿಕೊಂಡದ್ದು. ಸಾಲುಗಳನ್ನು ಒತ್ತೊತ್ತಾಗಿ ಇಡಿ, ಬಲೂನ್ ಚಿಕ್ಕದಾಗಿರಲಿ ಅಂತ ಅವರು ಹೇಳುತ್ತಾರೆ. ಅವರಿಗೆ ಅದು ಸರಿ. ಅಲ್ಲಿ ಹೆಚ್ಚಾಗಿ ಎಲ್ಲವೂ ದೊಡ್ಡಕ್ಷರ, ಎಲ್ಲದರ ಎತ್ತರವೂ ಒಂದೇ. ಸಾಲಿನ ಮೇಲೂ ಏನೂ ಚಾಚುವುದಿಲ್ಲ, ಕೆಳಗೂ ಏನೂ ಇಳಿಯುವುದಿಲ್ಲ. ನಮ್ಮದು ಹಾಗಲ್ಲವಲ್ಲ. ಮೇಲಿನ ಸಾಲಿನಲ್ಲಿ "ಸ್ತ್ರೀ" ಇದೆ ಅಂದುಕೊಳ್ಳಿ. ತ ಒತ್ತು, ರ ಒತ್ತು ಎರಡೂ ಕೆಳಗೆ ಇಳಿಯುತ್ತವೆ. ಸರಿಯಾಗಿ ಅದರ ಕೆಳಗೇ "ಹೋಗಿ" ಬಂದರೆ ಗುಡಿಸು ಮೇಲೇಳುತ್ತದೆ. ಎರಡೂ ಡಿಕ್ಕಿ ಹೊಡೆದು ಓದುವವರಿಗೆ ಕಾಣುವುದು ಒಂದು ಜೇಡ. ಹಲವು ಸಾಫ್ಟ್‌ವೇರ್‌ಗಳು ತಾವಾಗಿ ಇಡುವ ಸಾಲಿನ ಅಂತರ ಅಕ್ಷರದ ಅಳತೆಯ ಶೇಕಡಾ 120. ನಾನು ಈಗ 150ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬಲೂನ್ ದೊಡ್ಡದಾಗುತ್ತದೆ, ಆಗಲಿ. ಮಾತು ಕಡಿಮೆ ಮಾಡುತ್ತೇನೆ.

ಇಷ್ಟೇ ಆಗಿದ್ದರೆ ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಸುಮ್ಮನಾಗುತ್ತಿದ್ದೆ. ಆದರೆ ನನ್ನ ಫಾಂಟ್ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ) ಕೂಡ ಅಲ್ಲ, ಹಳೆ ಆಸ್ಕಿ ಜಾತಿಯದ್ದು. ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗ ಇದೆ. ಆದರೂ ಅಲಂಕಾರದ ಕನ್ನಡ ಫಾಂಟ್ ಹುಡುಕಿದರೆ ಇಂದಿಗೂ ಈ ಹಳೆಯವು ಜಾಸ್ತಿ ಎದುರಾಗುತ್ತವೆ. ಪ್ರತಿ ಕಂತಿನಲ್ಲೂ ನಾನು ಮಾತನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಕನ್ವರ್ಟರ್‌ಗೆ ಹಾಕಿ, ಅಲ್ಲಿಂದ ಬಲೂನ್‌ಗೆ ಅಂಟಿಸುತ್ತಿದ್ದೆ. ದಾರಿಯಲ್ಲಿ ಏನಾದರೂ ಉದುರುತ್ತಿತ್ತು. ಒಮ್ಮೆ "ಸೂರ್ಯ"ನ ಅರ್ಕಾವತ್ತು ಹೋಗಿ "ಸೂಯ" ಆಯಿತು. ಕಂತಿನ ಕೊನೆಯಲ್ಲಿ ನನ್ನ ಹೆಸರನ್ನು ಇಂಗ್ಲಿಷ್‌ನಲ್ಲಿ ಹಾಕಲು ಹೋದರೆ ತಲೆಕಟ್ಟಿಲ್ಲದ ಕ, ಎಲ್ಲಿಂದಲೋ ಬಂದ ಒತ್ತು, ಒಂಟಿ ಕೊಂಬು ಎಲ್ಲ ಮೂಡಿದವು. ಅದು ಫಾಂಟ್‌ನ ದೋಷವೂ ಅಲ್ಲ, ಅದು ಇರುವುದೇ ಹಾಗೆ. ಆ ದಿನವೇ ಬಿಟ್ಟುಬಿಡಬೇಕಿತ್ತು. ಅಷ್ಟರಲ್ಲಿ ಆರು ಕಂತು ಆಗಿತ್ತು, ಮನಸ್ಸು ಬರಲಿಲ್ಲ.

ನಿಜವಾದ ಹೊಡೆತ ಬಿದ್ದದ್ದು ಇಪ್ಪತ್ತಮೂರನೇ ಕಂತಿನ ಹೊತ್ತಿಗೆ. ಎಲ್ಲ ಸೇರಿಸಿ ಪುಸ್ತಕ ಮಾಡೋಣ ಅಂತ ಒಬ್ಬರು ಮುಂದೆ ಬಂದರು. ಅವರು ಕೇಳಿದ ಮೊದಲ ಪ್ರಶ್ನೆ ಕಥೆಯ ಬಗ್ಗೆ ಅಲ್ಲ. "ಈ ಫಾಂಟ್‌ನ ಲೈಸೆನ್ಸ್ ಏನು?" ಡೌನ್‌ಲೋಡ್ ಮಾಡಿದ ಫೋಲ್ಡರ್ ಅಷ್ಟು ದಿನವಾದ ಮೇಲೆ ಮೊದಲ ಸಲ ತೆರೆದು ನೋಡಿದೆ. ಒಳಗೆ ಒಂದು ಪುಟ್ಟ ಟೆಕ್ಸ್ಟ್ ಫೈಲ್. ಸ್ವಂತ ಬಳಕೆಗೆ ಮಾತ್ರ ಉಚಿತ, ವ್ಯಾಪಾರಕ್ಕೆ ಅನುಮತಿ ಕೇಳಿ ಅಂತಿತ್ತು. ಕೇಳಲು ಕೊಟ್ಟಿದ್ದ ಮೇಲ್ ವಿಳಾಸಕ್ಕೆ ಬರೆದೆ. ಮೇಲ್ ತಿರುಗಿ ಬಂತು, ಅಂಥ ವಿಳಾಸವೇ ಇಲ್ಲವಂತೆ. ದುಡ್ಡು ಕೊಡುತ್ತೇನೆ ಅಂದರೂ ತೆಗೆದುಕೊಳ್ಳುವವರಿಲ್ಲ! ಪುಸ್ತಕದ ಮಾತು ಹಾಗಿರಲಿ, ನನ್ನ ಕಾಮಿಕ್ ಪಕ್ಕದಲ್ಲಿ ಜಾಹೀರಾತು ಬರುತ್ತಿತ್ತು, ಓದುಗರು ತಿಂಗಳಿಗಿಷ್ಟು ಅಂತ ಕೊಡುತ್ತಿದ್ದರು. ಅದನ್ನೂ ವ್ಯಾಪಾರ ಅಂತಲೇ ಲೆಕ್ಕ ಹಾಕುವ ಲೈಸೆನ್ಸ್‌ಗಳಿವೆ.

ಸರಿ, ಬೇರೆ ಫಾಂಟ್ ಹಾಕೋಣ ಅಂದರೆ ಅಕ್ಷರದ ಲೇಯರ್, ಅಂದರೆ ಚಿತ್ರದ ಮೇಲೆ ಪಾರದರ್ಶಕ ಹಾಳೆಯ ಹಾಗೆ ಬೇರೆಯಾಗಿ ಕೂರುವ ಪದರ, ಎಲ್ಲಿದೆ? ಕಂತು ಮುಗಿದ ಕೂಡಲೇ ಎಲ್ಲ ಲೇಯರ್ ಒಂದು ಮಾಡಿ ಸೇವ್ ಮಾಡುವುದು ನನ್ನ ಚಾಳಿ. ಫೈಲ್ ಚಿಕ್ಕದಾಗುತ್ತದೆ ಅಂತ. ಒಟ್ಟು 640 ಬಲೂನ್. ಒಂದೊಂದರ ಒಳಗೂ ಬಿಳಿ ಬಳಿದು, ಅಂಚಿನ ಗೆರೆ ತಿದ್ದಿ, ಮಾತನ್ನು ಮತ್ತೆ ಟೈಪ್ ಮಾಡಿದೆ. ಹೊಸ ಫಾಂಟ್‌ನ ಅಕ್ಷರ ಹೆಚ್ಚು ಅಗಲ. ಅರ್ಧದಷ್ಟು ಬಲೂನ್‌ಗಳಲ್ಲಿ ಮಾತು ಹಿಡಿಸಲಿಲ್ಲ, ಬಲೂನ್ ಹಿಗ್ಗಿಸಿದರೆ ಪಾತ್ರದ ತಲೆ ಮುಚ್ಚಿತು. ಮೂರು ತಿಂಗಳು ಹೊಸ ಕಂತೇ ಇಲ್ಲ. ಓದುಗರು ಕಾದರು ಅಂತ ಹೇಳಲು ಆಸೆ, ಆದರೆ ಬಹಳ ಜನ ಕಾಯಲಿಲ್ಲ.

ಈಗ ಏನು ಮಾಡುತ್ತೇನೆ ಅಂದರೆ, ಯಾವ ಫಾಂಟ್ ಕಂಡರೂ ಮೊದಲು ಈ ಸಾಲು ಟೈಪ್ ಮಾಡುತ್ತೇನೆ: "ರಾಷ್ಟ್ರದ ಸ್ತ್ರೀಯರ ಧೈರ್ಯಕ್ಕೆ ರ‍್ಯಾಂಕ್ ಕೊಡೋ ಆ್ಯಪ್ ಯಾವ ಢೋಂಗಿದು ಮಾರಾಯಾ?!" ಅರ್ಥ ಹುಡುಕಬೇಡಿ. ಫಾಂಟ್‌ಗಳು ಎಡವುವ ಕಡೆಗಳನ್ನೆಲ್ಲ ಒಂದೇ ಸಾಲಿಗೆ ತುರುಕಿದ್ದೇನೆ ಅಷ್ಟೇ. "ರ‍್ಯಾಂಕ್" ಎಷ್ಟೋ ಫಾಂಟ್‌ನಲ್ಲಿ ಯಾ ಮುಂದೆ ಅರ್ಕಾವತ್ತು ಬಂದು ಕೆಡುತ್ತದೆ. "ಆ್ಯಪ್" ಬರೆದರೆ ಕೆಲವು ಕಡೆ ಚುಕ್ಕಿಗಳ ವೃತ್ತ ಪ್ರತ್ಯಕ್ಷವಾಗುತ್ತದೆ. ಕೆಲವೊಮ್ಮೆ ಫಾಂಟ್ ಚೆನ್ನಾಗಿಯೇ ಇದ್ದು ಚಿತ್ರ ಬರೆಯುವ ಸಾಫ್ಟ್‌ವೇರೇ ಒತ್ತಕ್ಷರವನ್ನು ಒಡೆದು ಹಾಕುತ್ತದೆ. ಹಾಗಾಗಿ ನೀವು ದಿನಾ ಕೆಲಸ ಮಾಡುವ ಸಾಫ್ಟ್‌ವೇರ್‌ನಲ್ಲೇ ಟೈಪ್ ಮಾಡಿ ನೋಡಿ. ಅದನ್ನು ಚಿತ್ರವಾಗಿ ಉಳಿಸಿ, 800 ಪಿಕ್ಸೆಲ್‌ಗೆ ಇಳಿಸಿ, ಫೋನ್‌ಗೆ ಕಳಿಸಿಕೊಂಡು, ಕೈ ಚಾಚಿ ಹಿಡಿದು ಓದಿ. ಇನ್ನೂ ಒಳ್ಳೆಯದು ಅಂದರೆ ಬೇರೆಯವರ ಕೈಲಿ ಓದಿಸಿ. ಬರೆದವರ ಕಣ್ಣು ಇಲ್ಲದ ಗೀಟನ್ನೂ ನೋಡುತ್ತದೆ.

ಲೈಸೆನ್ಸ್ ತಲೆನೋವು ಬೇಡ ಅಂದರೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಇರುವವನ್ನು ಹುಡುಕಿ. ಕಾಮಿಕ್‌ಗೆ, ಪುಸ್ತಕಕ್ಕೆ, ಮಾರಾಟಕ್ಕೆ ಧಾರಾಳವಾಗಿ ಬಳಸಬಹುದು. ಫಾಂಟ್ ಫೈಲನ್ನೇ ಒಂಟಿಯಾಗಿ ಮಾರುವ ಹಾಗಿಲ್ಲ, ಅಷ್ಟೇ. ಗೂಗಲ್ ಫಾಂಟ್ಸ್‌ನಲ್ಲಿರುವ ಬಲೂ ತಮ್ಮ, ಅನೇಕ್ ಕನ್ನಡ, ಅಕಾಯ ಕನಡಕ ಇಂಥವು. ಗುಂಡಗಿನ ಬಲೂ ತಮ್ಮ ತಮಾಷೆ ಕಥೆಗೆ ಹೇಳಿ ಮಾಡಿಸಿದಂತಿದೆ, ನನ್ನ ಅಳುವ ನಾಯಕಿಗೆ ಹೊಂದಲಿಲ್ಲ. ನಾನು ಕೊನೆಗೆ ಅನೇಕ್‌ಗೆ ಬಂದೆ. ಅದರಲ್ಲಿ ತೆಳುವಿನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ನಿಜವಾದ ದಪ್ಪಗಳಿವೆ, ಅಗಲವನ್ನೂ ಕಿರಿದು ಮಾಡಬಹುದು. ನಮ್ಮಲ್ಲಿ ದೊಡ್ಡಕ್ಷರ ಇಲ್ಲವಲ್ಲ, ಪಾತ್ರ ಕಿರುಚಬೇಕು ಅಂದರೆ ದಪ್ಪ ಮಾಡುವುದೇ ದಾರಿ. ಕೈಬರಹದ ಸೊಗಸು ಇಲ್ಲ, ಒಪ್ಪುತ್ತೇನೆ. ಆದರೆ ಧನ ಧನವಾಗಿಯೇ ಕಾಣುತ್ತದೆ.

ಹದಿನಾಲ್ಕನೇ ಕಂತಿನ ಒಂದು ಪುಟ ಮಾತ್ರ ಇನ್ನೂ ಹಾಗೇ ಬಿದ್ದಿದೆ. ಅಲ್ಲಿ ಬಲೂನ್ ಇಲ್ಲದೆ, ಸುರಿಯುವ ಮಳೆಯ ಮೇಲೇ ನೇರವಾಗಿ ಮಾತು ಬರೆದು ಲೇಯರ್ ಸೇರಿಸಿಬಿಟ್ಟಿದ್ದೆ. ಅಕ್ಷರ ಅಳಿಸಿದರೆ ಮಳೆಯೂ ಹೋಗುತ್ತದೆ. ಈ ವಾರ ಆ ಮಳೆಯನ್ನು ಮೊದಲ ಹನಿಯಿಂದ ಮತ್ತೆ ಬರೆಯುತ್ತಿದ್ದೇನೆ, ಈ ಸಲ ಅಕ್ಷರಕ್ಕೆ ಬೇರೆ ಲೇಯರ್ ಇಟ್ಟು.